ಒಂದು ನಿಮಿಷ ನಲವತ್ತೆಂಟು ಸೆಕೆಂಡು

ಮರವಂತೆಯ ಫೋಟೋ ನೀವು ನೋಡಿಯೇ ಇರ್ತೀರಿ. ಒಂದು ಬದಿಗೆ ಅರಬ್ಬೀ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕ್ಯಾಲೆಂಡರ್, ಡ್ರೋನ್ ವಿಡಿಯೋ, ಪ್ರವಾಸದ ಜಾಹೀರಾತು, ಎಲ್ಲ ಕಡೆ ಇದೇ ಚಿತ್ರ. ಅದರಲ್ಲಿ ಕಾಣದವರು ಅಂದ್ರೆ ನಾವು. ಈ ರಸ್ತೆಯ ಆಚೆ ಮನೆ, ಈಚೆ ಕೆಲಸ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಇದನ್ನು ದಾಟಬೇಕಾದವರು.

ನನ್ನ ಚಿಕ್ಕಯ್ಯ ಹಾಗೆ ದಾಟುತ್ತಿದ್ದವರು. ಮನೆಯಲ್ಲಿ ಎರಡು ದನ. ಬೆಳಿಗ್ಗೆ, ಸಂಜೆ ಹಾಲಿನ ಕ್ಯಾನನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಸೊಸೈಟಿಗೆ ಹೋಗಿ ಬರುತ್ತಿದ್ದರು. ಬರುವಾಗ ಪಕ್ಕದ ಮನೆಯ ಮಗುವನ್ನು ಅಂಗನವಾಡಿಗೆ ಬಿಟ್ಟು, ಯಾರದ್ದಾದರೂ ಔಷಧಿ, ಯಾರದ್ದಾದರೂ ರೇಷನ್ ತಂದುಕೊಡುತ್ತಿದ್ದರು. ಮೂವತ್ತು ವರ್ಷ ಅದೇ ಸೈಕಲ್. "ಈ ವಯ್ಸಲ್ಲ್ ಸೈಕಲ್ ಎಂತಕ್ಕ್ ಮಾರಾಯ್ರೆ?" ಅಂತ ಕೇಳಿದರೆ ನಗುತ್ತಿದ್ದರು, ಅಷ್ಟೆ. ಅರವತ್ತಾರನೇ ವರ್ಷದಲ್ಲಿ, ಒಂದು ಬೆಳಿಗ್ಗೆ, ಖಾಲಿ ಕ್ಯಾನಿನ ಜೊತೆ ಮನೆಗೆ ಬರುವಾಗ ಒಂದು ಕಾರು ಹೊಡೆಯಿತು.

ಅವರ ಕಥೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆಮೇಲೆ ಅವರಿಗೆ ಬೆಲೆ ಕಟ್ಟಿದರಲ್ಲ, ಆ ಲೆಕ್ಕ ಹೇಳುವುದಕ್ಕೆ ಬರೆಯುತ್ತಿದ್ದೇನೆ.

ಪರಿಹಾರದ ಕೇಸಿಗೆ ಚಿಕ್ಕಮ್ಮನ ಜೊತೆ ಕೋರ್ಟಿಗೆ ಓಡಾಡಿದವನು ನಾನು. ಅಲ್ಲಿ ಕಲಿತದ್ದು ಇಷ್ಟು. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಪಟ್ಟಿ ಕೊಟ್ಟಿದೆ. ಸತ್ತವರ ವರ್ಷದ ಆದಾಯದಲ್ಲಿ ಅವರ ಸ್ವಂತ ಖರ್ಚು ಕಳೆದು, ಉಳಿದದ್ದನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು. ಸತ್ತವರ ವಯಸ್ಸು 15ರಿಂದ 25 ಆದರೆ ಆ ಸಂಖ್ಯೆ 18. 36ರಿಂದ 40 ಆದರೆ 15. ಅರವತ್ತೈದು ದಾಟಿದರೆ 5.

ಚಿಕ್ಕಯ್ಯನಿಗೆ ಸಂಬಳದ ಚೀಟಿ ಇರಲಿಲ್ಲ. ತಿಂಗಳಿಗೆ 9,000 ರೂಪಾಯಿ ಅಂತ ಹಿಡಿದರು. ವರ್ಷಕ್ಕೆ 1,08,000. ಅದರಲ್ಲಿ ಮೂರನೇ ಒಂದು ಭಾಗ ಅವರ ಸ್ವಂತ ಖರ್ಚು ಅಂತ ಕಳೆದರೆ 72,000. ಅದನ್ನು 5ರಿಂದ ಗುಣಿಸಿದರೆ 3,60,000. ಅಂತ್ಯಸಂಸ್ಕಾರದ ಖರ್ಚು, ಗಂಡನನ್ನು, ಅಪ್ಪನನ್ನು ಕಳೆದುಕೊಂಡದ್ದು ಅಂತ ಇನ್ನೊಂದಿಷ್ಟು. ಎಲ್ಲ ಸೇರಿ ಐದು ಲಕ್ಷ ದಾಟಲಿಲ್ಲ. ಅಂಗನವಾಡಿಗೆ ಹೋಗುವ ಮಗು, ಪಕ್ಕದ ಮನೆಯ ಔಷಧಿ ಈ ಲೆಕ್ಕಕ್ಕೆ ಬರುವುದಿಲ್ಲ. ಹೊಡೆದ ಕಾರಿನ ಬೆಲೆ ಇದರ ಮೂರು ಪಟ್ಟು.

ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ. ಕುಟುಂಬದ ಕೈಗೆ ಏನಾದರೂ ಸಿಗಲಿ ಅಂತ ಮಾಡಿದ ಸೂತ್ರ ಅದು. ಅದೂ ಇಲ್ಲದಿದ್ದರೆ ಎಷ್ಟೋ ಮನೆ ಬೀದಿಗೆ ಬೀಳುತ್ತಿತ್ತು. ನನ್ನ ಸಿಟ್ಟು ಇರುವುದು ಬೇರೆ ಕಡೆ. ಪರಿಹಾರಕ್ಕೆ ಅಂತ ಮಾಡಿದ ಲೆಕ್ಕವನ್ನೇ ನಾವು ಜೀವದ ಬೆಲೆ ಅಂತ ನಂಬಿಬಿಟ್ಟಿದ್ದೇವೆ. ಈ ಲೆಕ್ಕದಲ್ಲಿ ಅತಿ ಅಗ್ಗದ ಸಾವು ಯಾರದ್ದು? ಮುದುಕರದ್ದು, ಕೂಲಿಯವರದ್ದು, ಮೀನು ಬುಟ್ಟಿ ಹೊತ್ತ ಹೆಂಗಸಿನದ್ದು, ಸೈಕಲ್ ಸವಾರನದ್ದು. ಅಂದ್ರೆ ಹೆದ್ದಾರಿಯನ್ನು ಕಾಲಲ್ಲಿ, ಸೈಕಲ್ಲಲ್ಲಿ ದಾಟುವವರದ್ದೇ. ಸಾವು ಅಗ್ಗವಾದ ಕಡೆ ಅದನ್ನು ತಪ್ಪಿಸುವ ಖರ್ಚು ಯಾವಾಗಲೂ ದುಬಾರಿ ಅನ್ನಿಸುತ್ತದೆ.

ಈಗ ರಸ್ತೆಯವರ ಲೆಕ್ಕಕ್ಕೆ ಬನ್ನಿ. ಹೆದ್ದಾರಿ ಅಗಲ ಮಾಡುವಾಗ ವಾಹನಗಳ ಸಮಯ ಎಷ್ಟು ಉಳಿಯಿತು ಅಂತ ನೋಡಿ, ಆ ನಿಮಿಷಗಳಿಗೆ ರೂಪಾಯಿಯಲ್ಲಿ ಬೆಲೆ ಕಟ್ಟುವ ಪದ್ಧತಿ ಇದೆ. ಸರಿ, ನಾವೂ ನಿಮಿಷದ ಲೆಕ್ಕವನ್ನೇ ಮಾಡುವ. ನಮ್ಮೂರಿನ ಮನೆ, ಅಂಗಡಿ, ಬಸ್ ಸ್ಟಾಪು ಇರುವ ನಾಲ್ಕು ಕಿಲೋಮೀಟರ್ ರಸ್ತೆ ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ 3 ನಿಮಿಷ. 50ರಲ್ಲಿ ಹೋದರೆ 4 ನಿಮಿಷ 48 ಸೆಕೆಂಡು. ವ್ಯತ್ಯಾಸ ಒಂದು ನಿಮಿಷ ನಲವತ್ತೆಂಟು ಸೆಕೆಂಡು.

ಗುದ್ದಿನ ಶಕ್ತಿ ಮಾತ್ರ ಹಾಗಲ್ಲ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹೈಸ್ಕೂಲಿನಲ್ಲೇ ಕಲಿತದ್ದು. 80ರಿಂದ 50ಕ್ಕೆ ಇಳಿದರೆ ಅದೇ ಕಾರಿನ ಗುದ್ದು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಸರಾಸರಿ ವೇಗ ಶೇಕಡ 1 ಏರಿದರೆ ಸಾವಿನ ಅಪಘಾತ ಶೇಕಡ 4 ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೋವಾಕ್ಕೆ ಹೋಗುವವರು ಇಲ್ಲಿ ಎರಡು ನಿಮಿಷ ತಡವಾದರೆ ಕಡಲೇನೂ ಬತ್ತಿ ಹೋಗುವುದಿಲ್ಲ. ಕಡಲು ನೋಡಲಿಕ್ಕೆ ಅಂತಲೇ ಕಾರು ನಿಲ್ಲಿಸಿ ಅರ್ಧ ಗಂಟೆ ಸೆಲ್ಫಿ ತೆಗೆಯುವವರೂ ಅವರೇ ತಾನೇ?

ದೇಶದ ಲೆಕ್ಕವನ್ನೂ ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಪಾದಚಾರಿಗಳು 32,825. ಸೈಕಲ್ಲಿನವರು 4,836. ದ್ವಿಚಕ್ರ ವಾಹನದವರು 74,897. ರಸ್ತೆ ಅಪಘಾತದಿಂದ ಬಹುಪಾಲು ದೇಶಗಳು ತಮ್ಮ ಒಟ್ಟು ಉತ್ಪನ್ನದ ಸುಮಾರು ಶೇಕಡ 3ರಷ್ಟನ್ನು ಕಳೆದುಕೊಳ್ಳುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಸಣ್ಣ ದುಡ್ಡಲ್ಲ. ತಮಾಷೆ ಅಂದ್ರೆ ಇದೇ ಉತ್ಪನ್ನದ ಲೆಕ್ಕದಲ್ಲಿ ಅಪಘಾತದ ನಂತರದ ಐಸಿಯು ಬಿಲ್ಲು, ಗ್ಯಾರೇಜಿನ ಬಿಲ್ಲು ಎಲ್ಲ ಜಮೆಯ ಬದಿಗೇ ಬರುತ್ತವೆ. ಮೂವತ್ತು ವರ್ಷದಲ್ಲಿ ಕೆಲವು ಟಯರು, ಟ್ಯೂಬು ಬಿಟ್ಟು ಬೇರೇನೂ ಕೊಳ್ಳದ ಚಿಕ್ಕಯ್ಯ ಆ ಪುಸ್ತಕದ ಪ್ರಕಾರ ದಂಡದ ಮನುಷ್ಯ.

"ಈಗ ಸೈಕಲ್ ಹೊಡೆಯುವವರು ಯಾರಿದ್ದಾರೆ? ನಾಲ್ಕು ಜನರಿಗೆ ಅಂತ ಬೇರೆ ದಾರಿ ಮಾಡ್ಬೇಕಾ?" ಇದು ನನಗೆ ಪ್ರತಿ ಸಲ ಸಿಗುವ ಪ್ರಶ್ನೆ. ಜೂನ್ ತಿಂಗಳಲ್ಲಿ, ಮೀನುಗಾರಿಕೆ ನಿಷೇಧ ಇರುವಾಗ, ಮರವಂತೆ ಕಡಲಿಗೆ ಬಂದು ನಿಂತು, ಒಂದು ಬೋಟೂ ಕಾಣದೆ, "ಈ ಊರಲ್ಲಿ ಮೀನುಗಾರರೇ ಇಲ್ಲ" ಅಂತ ಬರೆದುಕೊಂಡು ಹೋದ ಹಾಗಾಯಿತು ಇದು. ಸೈಕಲ್ಲಿನವರು ಇಲ್ಲದೆ ಹೋದದ್ದಲ್ಲ, ಹೆದರಿ ಬಿಟ್ಟದ್ದು. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಶಾಲೆಯ ಅಂಗಳದ ತುಂಬ ಸೈಕಲ್ ನಿಂತಿರುತ್ತಿದ್ದುದು ನೆನಪಿಲ್ಲವೇ? ಸೈಕಲ್ ಕೊಟ್ಟ ಸರಕಾರವೇ ಅದು ಓಡುವ ದಾರಿಯನ್ನು ಕೊಡಲಿಲ್ಲ. ಈಗ ಅದೇ ವಯಸ್ಸಿನವರು ಸ್ಕೂಟರಿನಲ್ಲಿದ್ದಾರೆ. ಅಲ್ಲಿ ಕ್ಷೇಮವಾಗಿದ್ದಾರಾ? ಮೇಲಿನ 74,897 ಅನ್ನುವ ಸಂಖ್ಯೆಯನ್ನು ಇನ್ನೊಮ್ಮೆ ಓದಿ.

ನಮ್ಮ ಪಕ್ಕದ ತ್ರಾಸಿಯನ್ನು ಮರೆಯಲು ಯಾರಿಂದ ಸಾಧ್ಯ? 2016ರ ಜೂನ್ 21ರ ಬೆಳಿಗ್ಗೆ, ಮೋವಾಡಿ ಕ್ರಾಸಿನ ಹತ್ತಿರ, ಶಾಲೆಗೆ ಹೊರಟಿದ್ದ ಎಂಟು ಮಕ್ಕಳು ಹೋದರು. ಓಮ್ನಿಗೂ ಬಸ್ಸಿಗೂ ಡಿಕ್ಕಿ. ಆ ದಿನ ಈ ಭಾಗದಲ್ಲಿ ಒಲೆ ಉರಿಯದ ಮನೆಗಳೇ ಹೆಚ್ಚು. ಮಕ್ಕಳು ಸತ್ತಾಗ ನಾವು ಅಳುತ್ತೇವೆ, ಮೊಂಬತ್ತಿ ಹಚ್ಚುತ್ತೇವೆ, ಡ್ರೈವರನ್ನು ಬೈಯುತ್ತೇವೆ. ಬೈಯಬೇಕಾದಲ್ಲಿ ಬೈಯುವ. ಆದರೆ ಡ್ರೈವರಿಗೆ ಶಿಕ್ಷೆ ಆದ ಮೇಲೂ ರಸ್ತೆ ಅಲ್ಲೇ ಇರುತ್ತದೆ, ವೇಗವೂ ಅಷ್ಟೇ ಇರುತ್ತದೆ.

ಇನ್ನೊಂದು ದೇಶ ಏನು ಮಾಡಿತು ಕೇಳಿ. 1971ರಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಪತ್ರಿಕೆಯಲ್ಲಿ ಬರೆದ. ಅದೇ ತಲೆಬರಹ ಚಳವಳಿಯ ಹೆಸರಾಯಿತು. ಅಪ್ಪ ಅಮ್ಮಂದಿರು, ಮಕ್ಕಳು ರಸ್ತೆಗೆ ಇಳಿದರು. 1973ರ ತೈಲ ಬಿಕ್ಕಟ್ಟೂ ಕೂಡಿಕೊಂಡಿತು. ಸರಕಾರ ಮಣಿಯಿತು, ಊರೂರಲ್ಲಿ ಸೈಕಲ್ ದಾರಿ ಬಂತು. ಸುಮಾರು 1.8 ಕೋಟಿ ಜನ ಇರುವ ಆ ದೇಶದಲ್ಲಿ ಈಗ ವರ್ಷಕ್ಕೆ ರಸ್ತೆಯಲ್ಲಿ ಸಾಯುವವರು ಏಳುನೂರರ ಆಸುಪಾಸು. ಆರು ಕೋಟಿಗೂ ಹೆಚ್ಚು ಜನ ಇರುವ ಕರ್ನಾಟಕದಲ್ಲಿ 2022ರಲ್ಲಿ ಸತ್ತವರು 11 ಸಾವಿರಕ್ಕೂ ಹೆಚ್ಚು. ಡಚ್ಚರು ಹುಟ್ಟಾ ಸೈಕಲ್ ಪ್ರಿಯರು ಅಂತ ಸುಮ್ಮನಾಗಬೇಡಿ. ಅವರೂ ಕಾರಿನ ಹಿಂದೆ ಓಡಿದವರೇ. ಸತ್ತ ಮಕ್ಕಳನ್ನು ಎಣಿಸಿ, ಸಾಕು ಅಂತ ಹೇಳಿದವರು.

ಮರವಂತೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಕಡಲು, ಸೈಕಲ್ ದಾರಿಗೆ ಜಾಗ ಎಲ್ಲಿ ಅಂತ ಕೇಳ್ತೀರಿ. ಚತುಷ್ಪಥಕ್ಕೆ ಜಾಗ ಹುಟ್ಟಿತಲ್ಲ ಮಾರಾಯ್ರೆ! ಜಾಗ ಇರುವಲ್ಲಿ ಎರಡು ಮೀಟರ್ ಬಿಡಿಸಿ, ನಡುವೆ ಕಟ್ಟೆ ಕಟ್ಟಿ ಸೈಕಲ್ಲಿಗೆ ಕೊಡಿ. ಸೈಕಲ್ ದಾರಿ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ಜಾಗ ಇಲ್ಲದ ಕಡೆ ವೇಗ ಇಳಿಸಿ. ಬರೀ ಬೋರ್ಡಿನಿಂದ ಅಲ್ಲ, ಕ್ಯಾಮರಾ ಇಟ್ಟು, ರಸ್ತೆಯನ್ನೇ ಕಿರಿದು ಮಾಡಿ ಇಳಿಸಿ. ದಾಟುವ ಜಾಗದಲ್ಲಿ, ಡಿವೈಡರಿನ ನಡುವೆ, ಸೈಕಲ್ ಹಿಡಿದುಕೊಂಡು ಒಬ್ಬ ಮುದುಕ ನಿಲ್ಲುವಷ್ಟು ಜಾಗ ಮಾಡಿ. ಡಿವೈಡರ್ ತೆರೆದ ಕಡೆಯ ತನಕ ಹೋಗಿ ಬರುವುದು ಕಾರಿಗೆ ಎರಡು ನಿಮಿಷ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿಗೆ ಕಾಲು ಗಂಟೆ. ಆಮೇಲೆ "ರಾಂಗ್ ಸೈಡಲ್ಲಿ ಬಂದ" ಅಂತ ಅವನ ಮೇಲೆಯೇ ತಪ್ಪು ಹಾಕಬೇಡಿ.

ಮಳೆಗಾಲದ ಕಡಲು ಈ ಹೆದ್ದಾರಿಯನ್ನು ಕೊರೆದು ತಿನ್ನಬಾರದು ಅಂತ ಉದ್ದಕ್ಕೂ ಬಂಡೆಕಲ್ಲು ಹಾಕಿದ್ದಾರೆ. ಒಳ್ಳೆಯ ಕೆಲಸ, ಬೇಕಾದದ್ದೇ. ರಸ್ತೆಯನ್ನು ಕಡಲಿನಿಂದ ಕಾಪಾಡಲು ಇಷ್ಟು ಕಲ್ಲು ಸಿಕ್ಕಿದ ಊರಲ್ಲಿ, ಜನರನ್ನು ರಸ್ತೆಯಿಂದ ಕಾಪಾಡಲು ನಾಲ್ಕು ಕಲ್ಲು ಸಿಗುವುದಿಲ್ಲ ಅಂದ್ರೆ ನಂಬುವುದು ಹೇಗೆ?

ಚಿಕ್ಕಮ್ಮ ಪರಿಹಾರದ ಹಣವನ್ನು ಮಗಳ ಹೆಸರಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದಾರೆ. ದನ ಎರಡನ್ನೂ ಮಾರಿಯಾಯಿತು; ಹಾಲು ಕೊಂಡುಹೋಗಿ ಕೊಡುವವರು ಯಾರೂ ಇಲ್ಲ. ಆ ನಷ್ಟ ಯಾವ ಕಾಲಂನಲ್ಲಿ ಬರೆಯುವುದು ಅಂತ ನನಗೆ ಯಾರಾದರೂ ತೋರಿಸಲಿ. ಅಲ್ಲಿಯ ತನಕ, ಈ ಊರಿನಲ್ಲಿ ಕಾರು ಓಡಿಸುವ ಪ್ರತಿಯೊಬ್ಬರಲ್ಲೂ ನನ್ನದು ಒಂದೇ ಬೇಡಿಕೆ. ನಿಮ್ಮ ಒಂದು ನಿಮಿಷ ನಲವತ್ತೆಂಟು ಸೆಕೆಂಡು ನಮಗೆ ಕೊಡಿ.