ಹಗುರ ಚಕ್ರದ ಆಸೆ, ದಿನನಿತ್ಯದ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ರಸ್ತೆಗಳಲ್ಲಿ ಅಪ್ಪಟ ಸ್ಪೋರ್ಟ್ಸ್ ಕಾರು ಕಾಣುವುದು ಅಪರೂಪ. ಆದರೆ ಚುರುಕು ಎಂಜಿನ್ನಿನ ಪುಟ್ಟ ಕಾರುಗಳಿಗೆ ಅಲ್ಲಿ ಕೊರತೆಯಿಲ್ಲ. ಮನೆಯ ಅಂಗಳದಲ್ಲಿ ನಿಂತ ಅಂಥ ಒಂದೇ ಕಾರು ಬೆಳಿಗ್ಗೆ ಮಗಳನ್ನು ದಾವಣಗೆರೆಯ ಕಾಲೇಜಿಗೆ ಬಿಡಬೇಕು, ಮಧ್ಯಾಹ್ನ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಭಾನುವಾರ ಮಗನ ವೇಗದ ಹಂಬಲವನ್ನೂ ತಣಿಸಬೇಕು. ಇಂಥ ಕಾರಿನ ಕ್ಲಚ್ಚು ಸವೆದ ದಿನ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಎಂಜಿನಿಯರಿಂಗ್ ಓದುವ ಮಗನಿಗೆ ರೇಸಿನ ಕ್ಲಚ್ಚು, ಹಗುರವಾದ ಫ್ಲೈವೀಲು ಬೇಕು. ತಂದೆಗೆ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಪ್ಲೇಟು ಸಾಕು. ಇಬ್ಬರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾರು ದಿನವೂ ಓಡುವ ದಾರಿ ಎಂಥದು?

ಕ್ಲಚ್ಚು ನಿಜವಾಗಿಯೂ ಸವೆದಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಮೇಲಿನ ಗೇರಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆ, ಕಾರಿನ ವೇಗ ಮಾತ್ರ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಪ್ಲೇಟು ಜಾರುತ್ತಿದೆ ಎಂಬುದಕ್ಕೆ ಇದೇ ಗುರುತು.

ಕ್ಲಚ್ಚಿನ ಕೆಲಸ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೊಂಡಿ ಹಾಕುವುದು, ಬೇಕಾದಾಗ ಬಿಡಿಸುವುದು. ಅದು ಹಿಡಿದಿಡಬಲ್ಲ ತಿರುಗುಬಲವನ್ನು, ಅಂದರೆ ಟಾರ್ಕನ್ನು, ಪಿಯುಸಿ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಘರ್ಷಣಾಂಕ 0.3, ಪ್ರೆಷರ್ ಪ್ಲೇಟಿನ ಒತ್ತುಬಲ 4000 ನ್ಯೂಟನ್, ಲೈನಿಂಗಿನ ಸರಾಸರಿ ತ್ರಿಜ್ಯ 0.085 ಮೀಟರ್, ಉಜ್ಜುವ ಮುಖಗಳು 2 ಎಂದಿಟ್ಟುಕೊಳ್ಳೋಣ. ಇವನ್ನೆಲ್ಲ ಗುಣಿಸಿದರೆ 204 ನ್ಯೂಟನ್ ಮೀಟರ್. ಎಂಜಿನ್ನಿನ ಗರಿಷ್ಠ ಟಾರ್ಕು 140 ಆಗಿದ್ದರೆ ಕಾರು ತಯಾರಿಸಿದವರು ಕೊಟ್ಟ ಕ್ಲಚ್ಚಿನಲ್ಲೇ ಸಾಕಷ್ಟು ಮಿಗುತಾಯವಿದೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸದೆ ಕ್ಲಚ್ಚನ್ನು ಮಾತ್ರ ಗಟ್ಟಿ ಮಾಡಿದರೆ ಲಾಭವಿಲ್ಲ. ಸ್ಪ್ರಿಂಗು ಬಿಗಿಯಾದಷ್ಟೂ ಪೆಡಲು ಭಾರವಾಗುತ್ತದೆ. ಸಿರಾಮಿಕ್ ತುಂಡುಗಳಿರುವ ರೇಸಿನ ಪ್ಲೇಟು ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಥಟ್ಟನೆ ಹಿಡಿಯುತ್ತದೆ. ಹೊನ್ನಾಳಿಯ ಹತ್ತಿರ ಭತ್ತ ಹೇರಿದ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ, ಸಂತೆಯ ಜನರ ನಡುವೆ ಇಂಚಿಂಚಾಗಿ ಸಾಗುವಾಗ ಅದು ಪ್ರತಿ ಸಲವೂ ಕಾರನ್ನು ಜಗ್ಗುತ್ತದೆ. ನಿತ್ಯದ ಓಡಾಟಕ್ಕೆ ಆರ್ಗಾನಿಕ್ ಲೈನಿಂಗಿನ, ನಡುವೆ ಸ್ಪ್ರಿಂಗುಗಳಿರುವ ಪ್ಲೇಟೇ ಒಳ್ಳೆಯದು.

ಇನ್ನು ಫ್ಲೈವೀಲು. ಕುಂಬಾರನ ತಿಗರಿಯನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು. ಒಮ್ಮೆ ಕೋಲಿನಿಂದ ತಿರುವಿ ಬಿಟ್ಟರೆ ಮಡಕೆ ಮುಗಿಯುವ ತನಕ ಅದು ತಿರುಗುತ್ತದೆ. ತೂಕದ ಚಕ್ರ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಎಂಜಿನ್ನಿನ ಸಿಲಿಂಡರುಗಳು ಬಿಟ್ಟು ಬಿಟ್ಟು ಕೊಡುವ ಹೊಡೆತವನ್ನು ಫ್ಲೈವೀಲು ಹೀಗೆಯೇ ಸಮ ಮಾಡುತ್ತದೆ.

ಅದನ್ನು ಹಗುರ ಮಾಡಿದರೆ ಎಂಜಿನ್ನು ಬೇಗ ಏರುತ್ತದೆ, ನಿಜ. ಎಷ್ಟು ಲಾಭ? 13 ಸೆಂಟಿಮೀಟರ್ ತ್ರಿಜ್ಯದ, 8 ಕಿಲೋ ತೂಕದ ಚಕ್ರದ ಬದಲು ಅದೇ ಅಳತೆಯ 4 ಕಿಲೋ ಚಕ್ರ ಹಾಕಿದೆವೆನ್ನಿ. ಕಾರಿನ ಗಾಲಿ ಒಂದು ಸುತ್ತು ಬರಲು ಮೊದಲ ಗೇರಿನಲ್ಲಿ ಎಂಜಿನ್ನು ಸುಮಾರು 14 ಸುತ್ತು, ಐದನೆಯ ಗೇರಿನಲ್ಲಿ ಸುಮಾರು 3.2 ಸುತ್ತು ತಿರುಗುತ್ತದೆ ಎಂದುಕೊಂಡರೆ, ಮೊದಲ ಗೇರಿನಲ್ಲಿ ಆಗುವ ಅನುಕೂಲ ಕಾರಿನಿಂದ 80 ಕಿಲೋ ತೂಕದ ಒಬ್ಬ ಪ್ರಯಾಣಿಕ ಇಳಿದಷ್ಟು. ಐದನೆಯ ಗೇರಿನಲ್ಲಿ ಅದು ಬರೀ 4 ಕಿಲೋದಷ್ಟು. ಜಗಳೂರಿನ ಬಯಲು ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸಾಗುವ ಕಾರಿಗೆ ಇದರಿಂದ ಏನೂ ಸಿಗದು. ನಷ್ಟ ಮಾತ್ರ ದಿನವೂ ಇದೆ. ಕೂಡಿಟ್ಟ ಶಕ್ತಿ ಅರ್ಧಕ್ಕಿಳಿಯುವುದರಿಂದ ಹಂಪ್ ದಾಟುವಾಗ, ಏರಿನಲ್ಲಿ ಹೊರಡುವಾಗ ಎಂಜಿನ್ನು ಆಗಾಗ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ಚಾಲಕ ಕ್ಲಚ್ಚನ್ನು ಹೆಚ್ಚು ಜಾರಿಸುತ್ತಾನೆ, ಹೊಸ ಪ್ಲೇಟೂ ಬೇಗ ಸವೆಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ಲೇತ್ ಕೆಲಸ ಬಲ್ಲವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಫ್ಲೈವೀಲಿನ ಮುಖದಲ್ಲಿ ಗೀರು, ಸುಟ್ಟ ಕಲೆ ಇದ್ದರೆ ತಯಾರಕರು ಹೇಳಿದ ಮಿತಿಯೊಳಗೆ ತೆಳುವಾಗಿ ಕೆರೆಸಬಹುದು. ತೂಕ ಇಳಿಸಲೆಂದು ಎರಕದ ಕಬ್ಬಿಣದ ಹಿಂಬದಿಯನ್ನು ಕೊರೆಸುವುದು ಮಾತ್ರ ಸಲ್ಲದು. ನಿಮಿಷಕ್ಕೆ 6000 ಸುತ್ತಿನಲ್ಲಿ ಆ ಚಕ್ರದ ಅಂಚು ಗಂಟೆಗೆ ಸುಮಾರು 290 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೊರಗಿದ ಕಬ್ಬಿಣ ಅಲ್ಲಿ ಒಡೆದರೆ ಚೂರುಗಳು ಕಾರಿನ ತಗಡನ್ನು ಸೀಳಿ ಕುಳಿತವರ ಕಾಲಿಗೇ ಬರಬಹುದು. ಹಗುರ ಚಕ್ರ ಬೇಕೇ ಬೇಕೆನ್ನುವವರು ಅದಕ್ಕೆಂದೇ ಉಕ್ಕಿನಲ್ಲಿ ಮಾಡಿ, ಸಮತೋಲ ನೋಡಿದ್ದನ್ನೇ ಕೊಳ್ಳಬೇಕು.

ಅನೇಕ ಡೀಸೆಲ್ ಕಾರುಗಳಲ್ಲಿ ನಡುವೆ ಸ್ಪ್ರಿಂಗು ಇಟ್ಟ ಜೋಡಿ ಚಕ್ರದ ಫ್ಲೈವೀಲು ಇರುತ್ತದೆ. ಅದರ ಆಟ ಎಷ್ಟಿದೆ ಎಂದು ತಯಾರಕರ ಅಳತೆಗೆ ಹೋಲಿಸಿ ನೋಡಬೇಕು. ಬೆಲೆಗೆ ಹೆದರಿ ಅದರ ಬದಲು ಒಂಟಿ ಚಕ್ರ ಹಾಕಿಸಿದರೆ ಗೇರ್‌ಬಾಕ್ಸಿನಲ್ಲಿ ಗಲಗಲ ಸದ್ದು, ನಡುಕ ಸೇರಿಕೊಳ್ಳಬಹುದು.

ಈಗ ತಂದೆಯ ಲೆಕ್ಕ. ಪ್ಲೇಟೊಂದನ್ನೇ ಬದಲಿಸಿದರೆ ಅಂದಿಗೆ ಹಣ ಉಳಿಯುತ್ತದೆ. ಆದರೆ ಆರು ತಿಂಗಳಿಗೆ ರಿಲೀಸ್ ಬೇರಿಂಗು ಕಿರುಗುಟ್ಟಿದರೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕು, ಕೂಲಿಯನ್ನು ಮತ್ತೆ ಕೊಡಬೇಕು. ಆದ್ದರಿಂದ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೇ ಬದಲಿಸುವುದು ಜಾಣತನ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಸೋರುತ್ತಿದೆಯೇ ಎಂದೂ ಆಗಲೇ ನೋಡಿಸಬೇಕು. ಎಣ್ಣೆ ತಾಗಿದ ಹೊಸ ಪ್ಲೇಟು ಹಳೆಯದರಂತೆಯೇ ಜಾರುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಆ ದೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೂ ಶ್ವಾಸಕೋಶ ಒಂದು ಜೊತೆಯೇ.

ಕೊನೆಗೆ ಖರ್ಚಿಲ್ಲದ ಮಾತೊಂದು. ಚಲಿಸುವಾಗ ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಳ್ಳಬಾರದು, ಏರಿನಲ್ಲಿ ಕಾರನ್ನು ಕ್ಲಚ್ಚಿನಿಂದ ಹಿಡಿದು ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಬಳಸಬೇಕು. ಮಗ ಈ ಅಭ್ಯಾಸ ಮಾಡಿಕೊಂಡು, ತಂದೆ ಮೂರೂ ಭಾಗಗಳಿಗೆ ಹಣ ಬಿಚ್ಚಿದರೆ ಅದೇ ಕಾರು ಕಾಲೇಜಿಗೂ ಆಸ್ಪತ್ರೆಗೂ ಬಹಳ ಕಾಲ ಓಡಾಡಿಕೊಂಡಿರುತ್ತದೆ.