ಸಿಪಾಯಿಯ ಕೋವಿ, ಬೇಟೆಗಾರನ ಕೈ

ಪೋಲೀಸು ಠಾಣೆಯ ಬಾಗಿಲಲ್ಲಿ ಕಾವಲಿನವನು ಹಿಡಿದು ನಿಲ್ಲುತ್ತಿದ್ದ ಉದ್ದನೆಯ ಕೋವಿಯನ್ನು ಕಂಡವರು ಬಹಳ ಮಂದಿ. ನಳಿಗೆಯ ಒಳವ್ಯಾಸ .303 ಅಂಗುಲವಾದುದರಿಂದ ಜನರ ಬಾಯಲ್ಲಿ ಅದಕ್ಕೆ ‘ತ್ರೀ ನಾಟ್ ತ್ರೀ’ ಎಂದೇ ಹೆಸರು. ಅದರ ನಳಿಗೆಯ ಮೇಲೆ ಮಡಿಸಿಟ್ಟ ಸಣ್ಣ ಉಕ್ಕಿನ ಪಟ್ಟಿಯೊಂದುಂಟು. ಗುರಿಯ ದೂರಕ್ಕೆ ತಕ್ಕಂತೆ ಅದನ್ನು ಎತ್ತಿ ಹೊಂದಿಸಿಕೊಳ್ಳಬೇಕು. ಹಳೆಯ ಮಾದರಿಯ ಕೋವಿಗಳಲ್ಲಿ ಆ ಪಟ್ಟಿಯ ಮೇಲೆ ಕೊರೆದ ಅಂಕೆಗಳು 200 ಗಜದಿಂದ ಆರಂಭವಾಗಿ 2,000 ಗಜದವರೆಗೆ ಹೋಗುತ್ತವೆ. ಎರಡು ಸಾವಿರ ಗಜವೆಂದರೆ ಒಂದು ಮೈಲಿಗಿಂತ ಹೆಚ್ಚಾಯಿತು. ಅಷ್ಟು ದೂರದಲ್ಲಿ ನಿಂತ ಜಿಂಕೆಯನ್ನು ಹೊಡೆಯುವ ಮಾತಿರಲಿ, ಬರಿಗಣ್ಣಿನಿಂದ ಗುರುತಿಸುವುದೇ ಕಷ್ಟ. ದೂರದಲ್ಲಿ ನೆರೆದ ಶತ್ರುದಳದ ಮೇಲೆ ಒಂದು ತುಕಡಿಯೆಲ್ಲ ಏಕಕಾಲಕ್ಕೆ ಗುಂಡು ಸುರಿಸುತ್ತಿದ್ದ ಕಾಲದ ಲೆಕ್ಕವದು.

ಇಂಥ ಕೋವಿ ಬೇಟೆಯ ಕೋವಿಯಾದ ಕಥೆ ಸ್ವಾರಸ್ಯವಾದುದು. ನಮ್ಮ ಚಳ್ಳಕೆರೆ ಮೊಳಕಾಲ್ಮೂರುಗಳ ಬಯಲಿನಲ್ಲಿ ನಿಂತು ಯೋಚಿಸಿದರೆ ಆ ಕಥೆಗೆ ಬೇರೆಯೇ ಒಂದು ಅರ್ಥ ಬರುತ್ತದೆ.

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿಯಿತು. ಸೈನಿಕರು ಮನೆಗೆ ಮರಳಿದರು. ಕೋವಿಗಳು ಉಗ್ರಾಣಗಳಲ್ಲಿ ರಾಶಿ ಬಿದ್ದವು. ಇಂಗ್ಲಿಷರ ಲೀ-ಎನ್‌ಫೀಲ್ಡ್, ಜರ್ಮನರ ಮೌಸರ್, ಅಮೆರಿಕನರ ಸ್ಪ್ರಿಂಗ್‌ಫೀಲ್ಡ್‌ಗಳು ಪಶ್ಚಿಮದ ಪೇಟೆಗಳಲ್ಲಿ ಅಗ್ಗದ ಬೆಲೆಗೆ ಮಾರಾಟವಾದವು. ಸಿಪಾಯಿಯ ಕೋವಿಗೆ ನಳಿಗೆಯ ತುದಿಯವರೆಗೂ ಮರದ ಹೊದಿಕೆ ಇರುತ್ತದೆ. ಒಂದೇ ಸಮನೆ ಹಾರಿಸಿ ಕಾದ ಉಕ್ಕು ಕೈಯನ್ನು ಸುಡಬಾರದು. ಮದ್ದುಗುಂಡು ತೀರಿದಾಗ ತುದಿಗೆ ಬಾಯೊನೆಟ್ಟು ಸಿಕ್ಕಿಸಿ ಈಟಿಯಂತೆ ತಿವಿಯಲು ಅದು ಗಟ್ಟಿಯಾಗಿರಬೇಕು. ದಿನವೆಲ್ಲ ಅಲೆದು ಒಂದೆರಡು ಗುಂಡು ಹಾರಿಸುವ ಬೇಟೆಗಾರನಿಗೆ ಇದೆಲ್ಲ ವ್ಯರ್ಥ ಭಾರ. ಕಸಬುದಾರನು ಮುಂದಿನ ಮರವನ್ನು ಅರ್ಧಕ್ಕೆ ಇಳಿಸಿ, ಬಾಯೊನೆಟ್ಟಿನ ಕೊಂಡಿಯನ್ನು ತೆಗೆದು, ಬೇಟೆಗೆ ಒಪ್ಪುವ ಗುರಿಕಣ್ಣನ್ನೋ ದುರ್ಬೀನನ್ನೋ ಕೂರಿಸಿ, ಉಕ್ಕಿಗೆ ನೀಲಿಗಪ್ಪು ಹೊಳಪು ಕೊಟ್ಟು, ಹಿಡಿಗೆ ಅಕ್ರೋಟು ಮರವನ್ನು ಹೊಂದಿಸಿದರೆ ನೋಡಿದವರಿಗೆ ಹಳೆಯ ಗುರುತೇ ಸಿಕ್ಕುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಕಂಪನಿ ಇದನ್ನೇ ದೊಡ್ಡ ವ್ಯಾಪಾರವಾಗಿ ನಡೆಸಿತು. ಇಂದು ಹಳೆಯ ವಸ್ತುಗಳನ್ನು ಸಂಗ್ರಹಿಸುವವರು ಅದೇ ಕೆಲಸಕ್ಕೆ ಹಲ್ಲು ಕಡಿಯುತ್ತಾರೆ. ಅಂದು ಸೌದೆಯಂತೆ ಎಸೆದ ಮೂಲ ಮರದ ಭಾಗಗಳನ್ನು ಈಗ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಕೋವಿಯ ಮೈ ಬದಲಾದರೆ ಸಾಲದು, ಗುಂಡೂ ಬದಲಾಗಬೇಕು. ಇಲ್ಲಿ ಒಂದು ವಿಚಿತ್ರವುಂಟು. ಕಲ್ಕತ್ತೆಯ ಬಳಿಯ ಡಂಡಂ ಎಂಬಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿಯ ಸೀಸವನ್ನು ಬತ್ತಲೆ ಬಿಟ್ಟ ಗುಂಡನ್ನು ತಯಾರಿಸಿದರು. ಮೈಗೆ ತಾಗಿದೊಡನೆ ಅದು ಅರಳಿ ಭಯಂಕರ ಗಾಯ ಮಾಡುತ್ತಿದ್ದಿತು. 1899ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ಅಂಥ ಗುಂಡು ಕೂಡದೆಂದು ಘೋಷಿಸಿತು. ಸೇನೆಗಳು ಪೂರ್ಣ ಲೋಹದ ಕವಚವುಳ್ಳ ಗುಂಡಿಗೆ ನಿಂತವು. ಆದರೆ ಪ್ರಾಣಿಯ ವಿಷಯದಲ್ಲಿ ನ್ಯಾಯ ತಲೆಕೆಳಗು. ಕವಚದ ಗುಂಡು ಪ್ರಾಣಿಯ ಮೈಯನ್ನು ಹಾಯ್ದು ಆಚೆ ಹೋಗಿಬಿಡುತ್ತದೆ. ಗಾಯಗೊಂಡ ಮೃಗ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ. ಆದುದರಿಂದ ಯುದ್ಧದಲ್ಲಿ ಕ್ರೂರವೆಂದು ತಿರಸ್ಕೃತವಾದ ಅರಳುವ ಗುಂಡೇ ಬೇಟೆಯಲ್ಲಿ ದಯೆಯುಳ್ಳದ್ದೆನಿಸಿತು. ಹಾಯ್ದುಹೋದ ಗುಂಡು ಮತ್ತೆಲ್ಲಿ ನಿಲ್ಲುತ್ತದೆಂಬುದು ಇನ್ನೊಂದು ಪ್ರಶ್ನೆ.

ಭಾರತದಲ್ಲಿ ಈ ಮಾರ್ಪಾಟಿನ ವ್ಯಾಪಾರ ಬೆಳೆಯಲಿಲ್ಲ. ಸೇನೆಯ ತೋಟಾ ಪ್ರಜೆಗಳ ಕೋವಿಗೆ ಹೊಂದಬಾರದೆಂಬುದು ಬ್ರಿಟಿಷ್ ಸರ್ಕಾರದ ಹಟ. ಅದರ ಹಿಂದಿದ್ದುದು 1857ರ ಭೀತಿ. ಆ ವರ್ಷ ಆಯುಧಗಳನ್ನೊಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದು, ಊರು ಬೆಂಕಿಗೆ ತುತ್ತಾಗಿ, ಅನೇಕರು ಗಲ್ಲಿಗೇರಿದುದನ್ನು ಕನ್ನಡಿಗರು ಲಾವಣಿಯಿಂದಲೇ ಬಲ್ಲರು. 1878ರಲ್ಲಿ ಬಂದ ಆಯುಧ ಕಾಯಿದೆ ಭಾರತೀಯನಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಯುರೋಪಿಯನನನ್ನು ಬಿಟ್ಟುಕೊಟ್ಟಿತು. ಸ್ವತಂತ್ರ ಭಾರತದ 1959ರ ಕಾಯಿದೆ ಆ ಭೇದವನ್ನು ಅಳಿಸಿತಾದರೂ .303 ವ್ಯಾಸದ ಮೇಲಿನ ನಿಷೇಧ ಉಳಿದುಕೊಂಡಿತು.

ವ್ಯಾಪಾರಿಗಳು ಉಪಾಯ ಹುಡುಕದೆ ಬಿಡುವರೆ? ಲೀ-ಎನ್‌ಫೀಲ್ಡಿನ ಯಂತ್ರಭಾಗವನ್ನು ಹಾಗೆಯೇ ಇರಿಸಿಕೊಂಡು ನಳಿಗೆಯನ್ನು ಮಾತ್ರ .315 ಅಂಗುಲಕ್ಕೆ ಮಾಡಿದರು. ಇಂಗ್ಲೆಂಡಿನ ಬಿ.ಎಸ್.ಎ. ಕಂಪನಿ ಅಂಥ ಬೇಟೆಯ ರೈಫಲ್ಲುಗಳನ್ನು ಇಲ್ಲಿಗೆ ಕಳುಹಿಸಿತು. ಸ್ವಾತಂತ್ರ್ಯಾನಂತರ ಬಂಗಾಳದ ಇಚಾಪುರದ ಸರ್ಕಾರಿ ಕಾರ್ಖಾನೆಯೇ ಅದನ್ನು ತಯಾರಿಸಿತು. .315ರ ತೋಟಾ ಆಸ್ಟ್ರಿಯ-ಹಂಗೇರಿಯ ಸೇನೆಗಾಗಿ ಹುಟ್ಟಿದುದು! ಪರದೇಶದ ಸೇನೆಯ ತೋಟಾ ನಮ್ಮ ಸೇನೆಗೆ ಹೊಂದದ ಕಾರಣ ಸಾಧುವೆನಿಸಿಕೊಂಡಿತು. ಅದೇ ಇಚಾಪುರದಲ್ಲಿ ಇದಕ್ಕೆ ವಿರುದ್ಧವಾದ ಮಾರ್ಪಾಟೂ ನಡೆಯಿತು. ಹಳೆಯ .303 ಕೋವಿಗಳ ನಳಿಗೆಯನ್ನು .410ಕ್ಕೆ ನುಣುಪಾಗಿ ಕೊರೆದು, ಒಮ್ಮೆಗೆ ಒಂದೇ ತೋಟಾ ಹಿಡಿಯುವಂತೆ ಮಾಡಿ, ಪೋಲೀಸರ ಹಾಗೂ ಕಾವಲುಗಾರರ ಕೈಗೆ ಕೊಟ್ಟರು. ಹುಲಿಯ ಹಲ್ಲು ಕಿತ್ತಂತೆ ಎನ್ನಬಹುದು.

ಇನ್ನು ನಮ್ಮ ಬಯಲಿಗೆ ಬರೋಣ. ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯಲ್ಲಿ ಕ್ರಮ ಹಿಂದುಮುಂದಾಗಿತ್ತು. ಇಲ್ಲಿ ಬೇಟೆಗಾರನೇ ಸಿಪಾಯಿಯಾದನು. ಚಿತ್ರದುರ್ಗದ ಪಾಳೆಯಗಾರರ ದಂಡಿನ ಬಲವೆಲ್ಲ ಬೇಡ ನಾಯಕರದು. 1779ರಲ್ಲಿ ದುರ್ಗವನ್ನು ಹಿಡಿದ ಹೈದರಾಲಿಯು ಅವರನ್ನು ಸಾವಿರಗಟ್ಟಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ತನ್ನ ಸೇನೆಗೆ ಸೇರಿಸಿದನು. ಅಂಬಿನಿಂದ ಬೇಟೆಯಾಡಲು ಐವತ್ತು ಅರವತ್ತು ಹೆಜ್ಜೆಯವರೆಗೆ ಹತ್ತಿರ ಹೋಗಬೇಕು. ಬಾಯಿಂದ ಮದ್ದು ತುಂಬುವ ನಾಡಕೋವಿಯಾದರೂ ನೂರು ಗಜ ದಾಟಿದರೆ ನಂಬಿಕೆಯಿಲ್ಲ. ಮರೆಯಿಲ್ಲದ ಬಯಲಿನಲ್ಲಿ ಅಷ್ಟು ಹತ್ತಿರಕ್ಕೆ ಕೃಷ್ಣಮೃಗ ಯಾರನ್ನು ಬಿಟ್ಟುಕೊಂಡೀತು? ಕಾಡಿನ ಪ್ರಾಣಿಗೆ ಮರ ಆಸರೆಯಾದರೆ ಬಯಲಿನ ಪ್ರಾಣಿಗೆ ದೂರವೇ ಆಸರೆ. ಉಳ್ಳಾರ್ತಿ, ಖುದಾಪುರಗಳ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗ ಬದುಕಿದುದು ಈ ಒಂದೇ ಬಲದ ಮೇಲೆ. ದೊರೆವಾಯನ ಹಕ್ಕಿ ಅಥವಾ ಎರೆಭೂತವೆಂಬ ಭಾರವಾದ ಹಕ್ಕಿಯೂ ಕರ್ನಾಟಕದ ಬಯಲುಸೀಮೆಯಲ್ಲಿ ಹೀಗೆಯೇ ಬದುಕಿದ್ದಿತು.

ಸೇನೆಯ ಕೋವಿಯ ಸಂತತಿ ಆ ದೂರವನ್ನು ಕಸಿದುಕೊಂಡಿತು. ಮುನ್ನೂರು ಗಜದಾಚೆ ನಿಂತು ತಾನು ಕ್ಷೇಮವೆಂದು ತಿರುಗಿ ನೋಡುವುದು ಕೃಷ್ಣಮೃಗದ ಅಭ್ಯಾಸ. ರೈಫಲ್ಲಿಗೆ ಆ ಮುನ್ನೂರು ಗಜ ಲೆಕ್ಕಕ್ಕಿಲ್ಲ. ದೇಶದ ಬಯಲುಗಳಲ್ಲೆಲ್ಲ ಹೀಗೆಯೇ ಆಯಿತು. ಬೇಟೆಯ ಮೇಲೆಯೇ ಎಲ್ಲ ದೋಷವನ್ನೂ ಹೊರಿಸುವುದು ತಪ್ಪಾದೀತು. ನೇಗಿಲೂ ಬೇಲಿಯೂ ಸಾಕಷ್ಟು ಹಾಳುಮಾಡಿವೆ. ಆದರೆ ಬೇಟೆಯ ಮರ್ಯಾದೆಯ ಮಾತನ್ನಾಡುತ್ತಿದ್ದ ಜನ ಈ ಬದಲಾದ ದೂರದ ಲೆಕ್ಕವನ್ನು ಹಾಕಿಕೊಳ್ಳಲಿಲ್ಲ. ಒಮ್ಮೆ ಹುಲ್ಲುನೆಲದ ಒಡೆಯನಂತಿದ್ದ ಎರೆಭೂತ ಇಂದು ಇಡೀ ಭಾರತದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ.

ಮನುಷ್ಯರಿಗೂ ಇದರಿಂದ ಅಪಾಯವಿಲ್ಲದೆ ಇಲ್ಲ. ಮಲೆನಾಡಿನಲ್ಲಿ ಗುರಿ ತಪ್ಪಿದ ಗುಂಡನ್ನು ಮರವೋ ದಿಬ್ಬವೋ ತಡೆದೀತು. ಚಳ್ಳಕೆರೆಯ ಕಾವಲಿನಲ್ಲಿ ಅದನ್ನು ತಡೆಯುವುದು ಏನೂ ಇಲ್ಲ; ಬಿಸಿಲಝಳದಲ್ಲಿ ಕಾಣದಷ್ಟು ದೂರದಲ್ಲಿ ಕಂಬಳಿ ಹೊದ್ದ ಕುರಿಗಾಹಿ ಇರಬಹುದು. ಮೊಳಕಾಲ್ಮೂರಿನ ಕಲ್ಲುಗುಡ್ಡಗಳಲ್ಲಾದರೋ ಬಂಡೆಗೆ ತಾಗಿದ ಗುಂಡು ಚಿಮ್ಮಿ ಎತ್ತ ಹೋಗುವುದೆಂದು ಹಾರಿಸಿದವನಿಗೂ ತಿಳಿಯದು. ಆ ಬಂಡೆಗಳಲ್ಲಿ ಕೆಲವು ಸಾಮಾನ್ಯದವಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನಗಳುಂಟು. ತಂದೆತಾಯಿಗಳ ಸೇವೆಯ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯನ್ನೂ ಅವು ವಿಧಿಸುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ವಿನೋದದ ಬೇಟೆಗೆ ಕ್ರಮೇಣ ಬಾಗಿಲು ಮುಚ್ಚಿತು. ತ್ರೀ ನಾಟ್ ತ್ರೀಯನ್ನು ಉತ್ತರ ಪ್ರದೇಶದ ಪೋಲೀಸರು 2020ರಲ್ಲಿ ಬೀಳ್ಕೊಟ್ಟರು. ಚಳ್ಳಕೆರೆಯ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯು 2016ರಿಂದ ಚಾಲಕರಿಲ್ಲದ ವಿಮಾನಗಳನ್ನು ಪರೀಕ್ಷಿಸುತ್ತಿದೆ. ಕುರಿಗಾಹಿಗೆ ಈಗ ಬೇಲಿಯದೇ ಚಿಂತೆ.

ರೈತನಿಗೆ ಮಾತ್ರ ಕೋವಿಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಶೇಂಗಾ ಬಲಿಯುವ ಹೊತ್ತಿಗೆ ಕಾಡುಹಂದಿಗಳು ರಾತ್ರಿಯೆಲ್ಲ ಹೊಲವನ್ನು ಗೆಬರುತ್ತವೆ. ಅವುಗಳನ್ನು ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೋವಿಗೆ ಜಿಲ್ಲಾಧಿಕಾರಿಯ ಪರವಾನಗಿ ಬೇಕು. ಚುನಾವಣೆ ಬಂದರೆ ಆ ಕೋವಿಯನ್ನೂ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕಾಗುತ್ತದೆ. ಹಂದಿಗಳಿಗೆ ಆ ಚೀಟಿಯನ್ನು ತೋರಿಸಿ ಪ್ರಯೋಜನವಿಲ್ಲವೆಂದು ತಗಡಿನ ಡಬ್ಬಿ ಬಡಿಯುತ್ತ ರೈತನು ಹೊಲದ ಬದುವಿನ ಮೇಲೆ ಬೆಳಗು ಮಾಡುತ್ತಾನೆ.