ಹೆದರಬೇಕಿಲ್ಲದ ಸುಖ

ದೇಹ ದಂಡಿಸಿದರೆ ಮಾತ್ರ ಜ್ಞಾನವೆಂದು ನಂಬಿದ್ದ ಸಿದ್ಧಾರ್ಥ ಉಪವಾಸದಿಂದ ಎಲುಬಿನ ಹಂದರವಾದ. ಜ್ಞಾನ ದೊರೆಯಲಿಲ್ಲ. ಆಗ ಬಾಲ್ಯದ ಒಂದು ದಿನ ನೆನಪಾಯಿತು. ತಂದೆ ಕೆಲಸದಲ್ಲಿದ್ದಾಗ ನೇರಳೆ ಮರದ ನೆರಳಲ್ಲಿ ಕುಳಿತಿದ್ದ ಅವನ ಮನಸ್ಸು ತಾನಾಗಿಯೇ ನೆಲೆನಿಂತು ಹಿಗ್ಗಿತ್ತು. ಆ ಸುಖಕ್ಕೆ ಹೆದರುವುದೇಕೆ ಎಂದು ತನ್ನನ್ನೇ ಕೇಳಿಕೊಂಡ. ಅನ್ನ ಉಂಡು ಮತ್ತೆ ಧ್ಯಾನಕ್ಕೆ ಕುಳಿತ. ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತ ಹೇಳುವ ಕಥೆಯಿದು.

ಧ್ಯಾನದ ಈ ಹಿಗ್ಗಿಗೆ ಪಾಲಿಯಲ್ಲಿ 'ಪೀತಿ' ಎಂದು ಹೆಸರು; ಜೊತೆಗಿರುವ ನೆಮ್ಮದಿಯೇ 'ಸುಖ'. 5ನೇ ಶತಮಾನದ ಬುದ್ಧಘೋಷ 'ವಿಸುದ್ಧಿಮಗ್ಗ'ದಲ್ಲಿ ವಿವರಿಸುವಂತೆ, ಮರುಭೂಮಿಯಲ್ಲಿ ಬಳಲಿದವನಿಗೆ ನೀರು ಕಂಡಾಗ ಆಗುವುದು ಪೀತಿ. ನೆರಳು ಸೇರಿ ನೀರು ಕುಡಿದಾಗ ಸಿಗುವುದು ಸುಖ.

ಊಟ, ನಿದ್ದೆ ಬಿಟ್ಟು ಓದುವ ಮಕ್ಕಳೂ ಓದಿಸುವ ಹಿರಿಯರೂ ಆ ನೇರಳೆ ಮರವನ್ನು ನೆನೆಯಬೇಕು. ಏಕಾಗ್ರತೆ ಹಿಗ್ಗಿನಿಂದಲೂ ಬರುತ್ತದೆ.